ಬಿಳಿಮೀನಿನ ಲೆಕ್ಕ

ಮೈಸೂರು ನಗರದ ನಿವಾಸಿಗಳಾಗಿದ್ದ ಡಿ ವೆಟ್ ವ್ಯಾನ್ ಇಂಗೆನ್ ಎಂಬವರು 1946ರಲ್ಲಿ ಕಬಿನಿಯ ಪ್ರವಾಹದಿಂದ ಗಾಳ ಹಾಕಿ ಮೇಲೆತ್ತಿದ ಬಿಳಿಮೀನು 120 ಪೌಂಡು, ಎಂದರೆ 54 ಕಿಲೋಗ್ರಾಮಿಗೂ ಮಿಗಿಲಾಗಿ, ತೂಗಿತು. ಹೊರಗಿನವರ ಬಾಯಲ್ಲಿ ಮಹಶೀರ್ ಎನಿಸಿಕೊಂಡು ಕಾವೇರಿತೀರದ ಬೆಸ್ತರಿಗೆ ಬಿಳಿಮೀನೆಂದೇ ಪರಿಚಿತವಾದ ಈ ಬಳಗದಲ್ಲಿ ಗಾಳಕ್ಕೆ ಸಿಕ್ಕ ಅತಿ ಭಾರದ ಮೀನು ಇದೇ ಎಂದು ಗಾಳಪ್ರಿಯರ ಲೋಕ ಇಂದಿಗೂ ಎಣಿಸುತ್ತದೆ. ಮಹಾರಾಜರೂ ವೈಸರಾಯರೂ ಬೇಟೆಯಾಡಿದ ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬಿ ನಿಲ್ಲಿಸುವ ವಿದ್ಯೆಯಲ್ಲಿ ಜಗತ್ಪ್ರಸಿದ್ಧವಾಗಿ, 1999ರವರೆಗೂ ನಮ್ಮೂರಿನಲ್ಲಿ ಕೆಲಸ ನಡೆಸಿದ ಸಂಸ್ಥೆಯೊಂದರ ಕುಟುಂಬಕ್ಕೆ ಸೇರಿದ ಆ ಗೃಹಸ್ಥರಿಗೆ ಪ್ರಾಣಿಶರೀರದ ಸೂಕ್ಷ್ಮಗಳು ತಿಳಿಯದಿದ್ದವಲ್ಲ. ಆದರೂ ಆ ಕಾಲದ ಸಂಪ್ರದಾಯಕ್ಕೆ ತಕ್ಕಂತೆ ಮೀನಿನ ಹಿರಿಮೆಯೆಲ್ಲ ಅದರ ತೂಕದಲ್ಲಿಯೇ ಅಡಗಿತ್ತು. ತೂಕ ದಾಖಲಾಯಿತು, ಹೊಳೆಯ ಹೆಸರು ದಾಖಲಾಯಿತು, ಹಿಡಿದವರ ಹೆಸರು ದಾಖಲಾಯಿತು. ಕಾವೇರಿಯ ಆ ಮಹಾಮತ್ಸ್ಯ ಯಾವ ಪ್ರಭೇದದ್ದು ಎಂಬ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಡುವುದಕ್ಕೆ ಮಾತ್ರ ಇನ್ನೂ 72 ವರ್ಷಗಳು ಹಿಡಿದವು. ಅಷ್ಟು ಹೊತ್ತಿಗೆ ಅದು ಹೊಳೆಯಿಂದಲೇ ಕಣ್ಮರೆಯಾಗುವ ಸ್ಥಿತಿಗೆ ಬಂದಿತ್ತು.

ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣ, ಹೊರದೇಶಗಳಲ್ಲಿ ಪ್ರಬಲವಾಗುತ್ತಿರುವ ಒಂದು ಜಲಕ್ರೀಡೆ. ಒಬ್ಬನೇ ಕುಳಿತು ಹುಟ್ಟುಹಾಕುವ, ಅಥವಾ ಕಾಲಿನಿಂದ ಪೆಡಲು ತುಳಿದು ಮುನ್ನಡೆಸುವ, ಕಯಾಕ್ ಎಂಬ ಕಿರಿದಾದ ದೋಣಿಯನ್ನೇರಿ, ಆಯಾ ಹೊಳೆಗೆ ಸಹಜವಾದ ಸಿಹಿನೀರಿನ ಮೀನುಗಳನ್ನು ಮಾತ್ರ ಗಾಳದಿಂದ ಹಿಡಿದು, ಅಳೆದು, ಚಿತ್ರ ತೆಗೆದು, ಮರಳಿ ನೀರಿಗೆ ಬಿಡುವ ಸ್ಪರ್ಧೆ ಅದು. ಆಸ್ಟ್ರೇಲಿಯದ ಒಳನಾಡಿನ ನದಿಗಳಲ್ಲಿ ಇದಕ್ಕೆ ವಿಶೇಷ ಆದರವುಂಟು. ಅಲ್ಲಿನ ಮರ್ರೆ ನದೀವ್ಯವಸ್ಥೆಗೆ ಸೇರಿದ ಮರ್ರೆ ಕಾಡ್ ಎಂಬ ಮೀನು 113 ಕಿಲೋಗ್ರಾಮಿನವರೆಗೂ ಬೆಳೆದ ದಾಖಲೆಯಿದೆ. ಗಂಡುಮೀನು ತತ್ತಿಗಳ ಬಳಿ ನಿಂತು ಕಾವಲು ಕಾಯುವ ಸ್ವಭಾವದ್ದಾದುದರಿಂದ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯ ರಾಜ್ಯಗಳ ನದಿಗಳಲ್ಲಿ ಸೆಪ್ಟೆಂಬರಿನಿಂದ ನವೆಂಬರಿನ ಕೊನೆಯವರೆಗೆ ಅದಕ್ಕೆ ಗಾಳ ಹಾಕುವಂತಿಲ್ಲ. ಉಳಿದ ಕಾಲದಲ್ಲಿಯೂ 55ರಿಂದ 75 ಸೆಂಟಿಮೀಟರು ಉದ್ದದ ಮೀನನ್ನು ಮಾತ್ರ ಮನೆಗೆ ಒಯ್ಯಬಹುದು; ಅದಕ್ಕಿಂತ ಕಿರಿದಾದುದು ಇನ್ನೂ ಬೆಳೆಯಬೇಕು, ಹಿರಿದಾದುದು ಸಂತತಿಯನ್ನು ಬೆಳೆಸಬೇಕು ಎಂಬುದು ಆ ನಿಯಮದ ವಿವೇಕ.

ಸ್ಪರ್ಧೆಯ ಕ್ರಮ ಸರಳವಾದುದು. ಆರಂಭಕ್ಕೆ ಮುಂಚೆ ಪ್ರತಿ ಸ್ಪರ್ಧಿಗೂ ಆ ದಿನದ ಗುರುತಿನ ಚೀಟಿಯೊಂದು ದೊರೆಯುತ್ತದೆ. ಹಿಡಿದ ಮೀನನ್ನು ಅಂಕಗಳು ಮುದ್ರಿತವಾದ ಅಳತೆಹಲಗೆಯ ಮೇಲೆ ಬಾಯಿ ಮುಚ್ಚಿ ಮಲಗಿಸಿ, ಮೂತಿಯ ತುದಿಯಿಂದ ಬಾಲದ ತುದಿಯವರೆಗಿನ ಉದ್ದ ಸ್ಫುಟವಾಗಿ ಕಾಣುವಂತೆ, ಆ ಚೀಟಿಯೂ ಅದೇ ಚಿತ್ರದಲ್ಲಿ ಬರುವಂತೆ ಛಾಯಾಚಿತ್ರ ತೆಗೆಯಬೇಕು. ಉದ್ದಗಳನ್ನು ಕೂಡಿಸಿ ಗೆದ್ದವರನ್ನು ನಿರ್ಣಯಿಸುತ್ತಾರೆ. ತೂಕದ ತಕ್ಕಡಿಗೆ ಇಲ್ಲಿ ಸ್ಥಾನವಿಲ್ಲ. ಏತಕ್ಕೆಂದರೆ ನೀರಿನ ಆಧಾರದಲ್ಲಿ ಬೆಳೆದ ಭಾರವಾದ ಶರೀರವನ್ನು ದವಡೆಗೆ ಕೊಕ್ಕೆ ಸಿಕ್ಕಿಸಿ ಗಾಳಿಯಲ್ಲಿ ತೂಗುಹಾಕಿದರೆ ಒಳಗಿನ ಅಂಗಗಳಿಗೂ ಕೀಲುಗಳಿಗೂ ಆಘಾತವಾಗುತ್ತದೆ. ಒದ್ದೆಯಾದ ಹಲಗೆ, ಒದ್ದೆಯಾದ ಕೈ, ಕೊಕ್ಕೆಯ ತುದಿಯಲ್ಲಿ ಹಿಮ್ಮುಳ್ಳು ಇಲ್ಲದ ಗಾಳ, ಕೆಲವೇ ಕ್ಷಣಗಳ ಅವಧಿ: ಇಷ್ಟು ಪಾಲಿಸಿದರೆ ಮೈಮೇಲಿನ ಲೋಳೆ ಕೆಡದೆ, ಉಸಿರು ಕಟ್ಟದೆ, ಮೀನು ತನ್ನ ಮಡುವಿಗೆ ಹಿಂದಿರುಗುತ್ತದೆ. ದಿನವೆಲ್ಲ ಬಿಸಿಲಿನಲ್ಲಿ ಶ್ರಮಿಸಿದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಅವನಲ್ಲಿ ಉಳಿಯುವುದು ಚಿತ್ರ, ಅಳತೆ ಮತ್ತು ಮೀನಿನ ಹೆಸರು. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಕೊನೆಯದು. ಇಂಥ ಕ್ರೀಡೆ ಕಾವೇರಿ ಕಬಿನಿಯರ ತೀರಕ್ಕೆ ಬರುವುದಾದರೆ, ಅದು ಎಷ್ಟು ದೊಡ್ಡ ಮೀನನ್ನು ಹಿಡಿಸಿತು ಎಂಬುದರಿಂದಲ್ಲ, ಯಾವ ಮೀನು ಎಲ್ಲಿ ಉಳಿದಿದೆಯೆಂಬುದನ್ನು ಎಷ್ಟು ನಿಷ್ಠೆಯಿಂದ ಬರೆದಿಟ್ಟಿತು ಎಂಬುದರಿಂದ ತನ್ನ ಯೋಗ್ಯತೆಯನ್ನು ತೋರಿಸಬೇಕು.

ಗಾಳವನ್ನು ವಿನೋದವೆಂದೂ ಶಾಸ್ತ್ರವೆಂದೂ ಭಾವಿಸುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ವಿಶ್ವಕೋಶಪ್ರಾಯವಾದ ಗ್ರಂಥದಲ್ಲಿ ರಾಜಯೋಗ್ಯವಾದ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಪ್ರತ್ಯೇಕ ಪ್ರಕರಣವುಂಟು. ಸಮುದ್ರದವು, ನದಿಯವು ಎಂದು ಮೀನುಗಳನ್ನು ವಿಂಗಡಿಸಿ, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು, ಯಾವುದಕ್ಕೆ ಯಾವ ಆಹಾರ ರುಚಿಸುತ್ತದೆ, ದಾರವನ್ನೂ ಕೋಲನ್ನೂ ಹೇಗೆ ಸಿದ್ಧಪಡಿಸಬೇಕು ಎಂದು ಅಲ್ಲಿ ವಿವರಿಸಿರುವ ಪರಿಯನ್ನು ನೋಡಿದರೆ, ಬರೆದವರು ನೀರಿನಂಚಿನಲ್ಲಿ ತಾಳ್ಮೆಯಿಂದ ಕುಳಿತು ಬಲ್ಲವರಾಗಿದ್ದರೆಂಬುದು ಸ್ಪಷ್ಟವಾಗುತ್ತದೆ. ಮತ್ಸ್ಯವಿಜ್ಞಾನಿಗಳಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಆಧುನಿಕ ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸಿದರು. ಅಭಿಲಷಿತಾರ್ಥಚಿಂತಾಮಣಿಯೆಂಬ ಇನ್ನೊಂದು ಹೆಸರಿನಿಂದ ಈ ಗ್ರಂಥದ ಪೂರ್ವಭಾಗವನ್ನು ಸಂಪಾದಿಸಿ 1926ರಲ್ಲಿ ಮೈಸೂರಿನಿಂದ ಪ್ರಕಟಿಸಿದವರು ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ಕೊಟ್ಟ ಆರ್. ಶಾಮಶಾಸ್ತ್ರಿಗಳೇ ಎಂಬುದನ್ನು ನೆನೆದಾಗ ನಮ್ಮ ಊರಿನವರಿಗೆ ಸಂತೋಷವಾಗದಿರದು. ದೊರೆಯ ಮತ್ಸ್ಯವಿನೋದದಲ್ಲಿಯೂ ಮೊದಲ ಪಾಠ ಮೀನಿನ ಜಾತಿಯನ್ನು ಗುರುತಿಸುವುದೇ ಆಗಿತ್ತು.

ಕಾವೇರಿಯಲ್ಲಿ ಆಧುನಿಕ ಗಾಳಕ್ರೀಡೆಯ ಕಥೆ ವಿಸ್ತಾರವಾದುದು. ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳಕ್ರೀಡೆಯನ್ನು ಕುರಿತು ಬರೆದ ಪುಸ್ತಕ ಬಿಳಿಮೀನಿನ ಕೀರ್ತಿಯನ್ನು ದೂರದೇಶಗಳಿಗೆ ಮುಟ್ಟಿಸಿತು. ಹೊಳೆಗೆ ವಿಷ ಕದಡುವುದನ್ನೂ ಸಿಡಿಮದ್ದು ಎಸೆಯುವುದನ್ನೂ ಅಪರಾಧವೆಂದು ಸಾರಿದ ಭಾರತೀಯ ಮೀನುಗಾರಿಕಾ ಅಧಿನಿಯಮ ಬಂದುದು 1897ರಲ್ಲಿ. ಕಾನೂನು ಬಂದರೂ ಸಿಡಿಮದ್ದು ನಿಲ್ಲಲಿಲ್ಲ. ಒಂದು ತೋಟೆ ಸಿಡಿದರೆ ಮಡುವಿನಲ್ಲಿದ್ದ ಹಿರಿಯ ಮೀನೂ ಬೆರಳುದ್ದದ ಮರಿಯೂ ಏಕಕಾಲದಲ್ಲಿ ಹೊಟ್ಟೆ ಮೇಲಾಗಿ ತೇಲುವ ಆ ಕ್ರೂರವಾದ ಪದ್ಧತಿಯಿಂದ ಕಾವೇರಿಯ ಎಷ್ಟೋ ಮಡುಗಳು ಬರಿದಾಗಿದ್ದ ಕಾಲದಲ್ಲಿಯೇ, 1970ರ ದಶಕದಲ್ಲಿ, ಬಿಳಿಮೀನನ್ನು ಹುಡುಕಿಕೊಂಡು ಇಂಗ್ಲೆಂಡಿನಿಂದ ಕೆಲವು ತರುಣರು ಬಂದರು. ನೂರು ಪೌಂಡಿಗೆ ಸಮೀಪದ ಮೀನುಗಳು ಇನ್ನೂ ಉಳಿದಿವೆಯೆಂದು ಅವರ ಗಾಳಗಳು ತೋರಿಸಿದವು. 1972ರಲ್ಲಿ ಸ್ಥಾಪಿತವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘ ಹೊಳೆಯ ಒಂದು ಭಾಗದ ಕಾವಲನ್ನು ವಹಿಸಿಕೊಂಡಿತು. ಮುಂದೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಆಶ್ರಯದಲ್ಲಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರಗಳು ನಡೆದವು. ಕೊಡಗಿನಲ್ಲಿ ವಾಲ್ನೂರಿನ ಬಳಿ ಅಲ್ಲಿನ ವನ್ಯಜೀವಿ ಸಂಘವೂ ಇದೇ ರೀತಿ ಹೊಳೆಯನ್ನು ಕಾಯ್ದುಕೊಂಡು ಬಂದಿದೆ.

ಈ ಶಿಬಿರಗಳಲ್ಲಿ ಕಯಾಕಿನ ಸ್ಥಾನವನ್ನು ತುಂಬಿದ್ದು ನಮ್ಮ ಹರಿಗೋಲು. ಬಿದಿರಿನ ದಬ್ಬೆಗಳನ್ನು ಹೆಣೆದು, ಹಿಂದೆ ತೊಗಲಿನಿಂದಲೂ ಈಚೆಗೆ ಟಾರು ಬಳಿದ ಹಾಳೆಯಿಂದಲೂ ಹೊದಿಸಿದ ಈ ದುಂಡು ದೋಣಿಗೆ ಮೂತಿಯೂ ಇಲ್ಲ, ಬೆನ್ನೂ ಇಲ್ಲ. ಒಂದೇ ಹುಟ್ಟಿನಿಂದ ಅದನ್ನು ನೇರವಾಗಿ ನಡೆಸುವುದು ಬಾಲ್ಯದಿಂದ ಅಭ್ಯಾಸವಾದವರಿಗೆ ಮಾತ್ರ ಸಾಧ್ಯ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯಲ್ಲಿ ಇಂಥ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ. ಬಂಡೆಗಳಿಗೆ ತಾಗಿದರೂ ಒಡೆಯದೆ ಬಳುಕುವ, ಮೊಣಕಾಲುದ್ದದ ನೀರಿನಲ್ಲಿಯೂ ತೇಲುವ ಗುಣದಿಂದ ಕಾವೇರಿಯ ಕಲ್ಲುಹೊಳೆಗೆ ಅದು ಹೇಳಿ ಮಾಡಿಸಿದಂತಿದೆ. ಇನ್ನು ಎರೆಯ ಮಾತು: ಬಿಳಿಮೀನಿನ ದವಡೆಯಲ್ಲಿ ಹಲ್ಲುಗಳಿಲ್ಲ. ಅವು ಗಂಟಲಿನಲ್ಲಿವೆ; ಮೀನು ಏಡಿಯನ್ನೂ ಶಂಖದ ಹುಳುವನ್ನೂ ಅಲ್ಲಿಯೇ ನುಚ್ಚುಮಾಡುತ್ತದೆ. ಮರದಿಂದ ಉದುರಿದ ಹಣ್ಣನ್ನೂ ತಿನ್ನುತ್ತದೆ. ಆದುದರಿಂದ ನಮ್ಮ ಕಡೆ ಅದಕ್ಕೆ ಹೂಡುವ ಪ್ರಸಿದ್ಧವಾದ ಎರೆ ರಾಗಿಯದು: ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರಕ್ಕೂ ಅದಕ್ಕಿಂತ ಹಿರಿದಾಗಿಯೂ ಉಂಡೆ ಕಟ್ಟಿ ಕೊಕ್ಕೆಯನ್ನು ಅದರೊಳಗೆ ಮರೆಸುತ್ತಾರೆ. ಉಂಡೆಯನ್ನು ಬಾಯಿಗೆ ತೆಗೆದುಕೊಂಡ ಮೀನು ಕೊಕ್ಕೆ ತಾಗಿದೊಡನೆ ಪ್ರವಾಹದ ದಿಕ್ಕಿಗೆ ತಿರುಗಿ ಓಡುವ ಮೊದಲ ಓಟದ ವೇಗವೇ ಅದರ ಜಗದ್ವಿಖ್ಯಾತಿಗೆ ಕಾರಣ. ಆ ಓಟವನ್ನು ಹಿಂಬಾಲಿಸಿ, ದಾರ ಬಂಡೆಗೆ ಸುತ್ತಿಕೊಳ್ಳದಂತೆ ಹರಿಗೋಲನ್ನು ತಿರುಗಿಸಿ, ಮೀನು ದಣಿಯುವ ಮಡುವಿನತ್ತ ಗಾಳದವನನ್ನು ಒಯ್ಯುತ್ತಿದ್ದವನು ಊರಿನ ಅಂಬಿಗ. ಹೊಳೆಯ ಕಲ್ಲುಕಲ್ಲನ್ನೂ ಬಲ್ಲ ಈ ಜನರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ಶಿಬಿರದ ಸಂಬಳ ಬಂದ ಮೇಲೆ ಅವರೇ ಹೊಳೆಯ ಕಾವಲುಗಾರರಾದರು. ಕೀರ್ತಿಯೆಲ್ಲ ಗಾಳ ಹಿಡಿದವರಿಗೆ ಸಂದು, ಅಂಬಿಗರ ಹೆಸರುಗಳು ಪುಸ್ತಕಗಳ ಅಂಚಿನಲ್ಲಿ ಉಳಿದುದು ನನಗೆ ನ್ಯಾಯವೆಂದು ತೋರುವುದಿಲ್ಲ.

ಹಿಡಿದ ಮೀನನ್ನು ಬಿಟ್ಟುಬಿಡುವುದು ಈ ಶಿಬಿರಗಳ ಕಟ್ಟುನಿಟ್ಟಾದ ನಿಯಮವಾಗಿತ್ತು. ಅದರೊಡನೆ ಇನ್ನೊಂದು ಪದ್ಧತಿಯೂ ಬೆಳೆಯಿತು: ಪ್ರತಿದಿನ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ಕವು, ಅವುಗಳ ತೂಕವೆಷ್ಟು, ನೋಟ ಹೇಗಿತ್ತು ಎಂದು ಗಾಲಿಬೋರೆಯಲ್ಲಿ ದಿನಚರಿಯೊಂದನ್ನು ಬರೆದಿಡುತ್ತಿದ್ದರು. ಬರೆದವರಿಗೆ ಅದು ಆ ದಿನದ ಸಂತೋಷದ ಗುರುತು ಮಾತ್ರವಾಗಿದ್ದಿರಬಹುದು. ಆದರೆ 1998ರಿಂದ 2012ರವರೆಗಿನ ಈ ದಿನಚರಿಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಒಟ್ಟುಗೂಡಿಸಿ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ, ಯಾವ ಇಲಾಖೆಯೂ ಎಣಿಸದೆ ಇದ್ದ ಒಂದು ಸಂಗತಿ ಬೆಳಕಿಗೆ ಬಂತು. 23,620 ಗಂಟೆಗಳ ಗಾಳದಲ್ಲಿ 6,161 ಬಿಳಿಮೀನುಗಳು ಸಿಕ್ಕು ಮರಳಿ ನೀರು ಸೇರಿದ್ದವು. ಅವುಗಳಲ್ಲಿ ಅರ್ಧ ಕಿಲೋಗ್ರಾಮಿನ ಮರಿಯಿಂದ 46.8 ಕಿಲೋಗ್ರಾಮಿನ ದೈತ್ಯನವರೆಗೆ ಎಲ್ಲ ಗಾತ್ರದವೂ ಇದ್ದವು. ವರ್ಷದಿಂದ ವರ್ಷಕ್ಕೆ ಗಂಟೆಯೊಂದಕ್ಕೆ ಸಿಗುವ ಮೀನುಗಳ ಸಂಖ್ಯೆ ಏರುತ್ತಲೇ ಇತ್ತು. ಇಷ್ಟೇ ಓದಿದವನು ಹೊಳೆ ಸುಭಿಕ್ಷವಾಗಿದೆಯೆಂದು ನಿಶ್ಚಿಂತನಾಗುತ್ತಿದ್ದ.

ವಿಜ್ಞಾನಿಗಳು ಅಲ್ಲಿಗೆ ನಿಲ್ಲಲಿಲ್ಲ. ದಿನಚರಿಯ ಟಿಪ್ಪಣಿಗಳಲ್ಲಿ ಎರಡು ಬಗೆಯ ಬಿಳಿಮೀನುಗಳಿದ್ದವು. ಒಂದರ ರೆಕ್ಕೆಗಳಿಗೆ ನೀಲಿಯ ಛಾಯೆ. ಇನ್ನೊಂದರ ರೆಕ್ಕೆಗಳು ಕಿತ್ತಳೆಯ ಬಣ್ಣದವು, ತಲೆಯ ಹಿಂದೆ ಬೆನ್ನು ಗೂನಿನಂತೆ ಎದ್ದುನಿಂತಿರುವುದು. ಸಂಖ್ಯೆ ಏರಿದ್ದು ನೀಲಿರೆಕ್ಕೆಯದು. ಸರಾಸರಿ ತೂಕ ಇಳಿದದ್ದೂ ಆ ಚಿಕ್ಕ ಮೀನುಗಳ ದಟ್ಟಣೆಯಿಂದಲೇ. ಗೂನುಬೆನ್ನಿನ ಮೀನು ಮಾತ್ರ ವರ್ಷ ವರ್ಷವೂ ಕಡಮೆಯಾಗುತ್ತ, ಕೊನೆಕೊನೆಯ ಪುಟಗಳಲ್ಲಿ ಸಿಕ್ಕುವುದೇ ಅಪರೂಪವೆನಿಸುವಷ್ಟಕ್ಕೆ ಬಂದಿತ್ತು. ಕಾವೇರಿಗೂ ಅದರ ಉಪನದಿಗಳಿಗೂ ಮಾತ್ರ ಸೇರಿದ, ಬೇರೆಲ್ಲಿಯೂ ಹುಟ್ಟದ ಜೀವವೊಂದು ನೂರಾರು ಜನರ ಕಣ್ಣೆದುರಿಗೇ, ಹೊಳೆಯ ತುಂಬ ಮೀನು ಹೆಚ್ಚುತ್ತಿರುವಾಗಲೇ, ಹಿಂದೆ ಸರಿಯುತ್ತಿತ್ತು.

ನೀಲಿರೆಕ್ಕೆಯ ಮೀನು ಕೃಷ್ಣಾ ನದೀವ್ಯವಸ್ಥೆಯದು. 1839ರಲ್ಲಿ ಸೈಕ್ಸ್ ಎಂಬವರು ಪುಣೆಯ ಬಳಿಯ ಹೊಳೆಯಿಂದ ಅದನ್ನು ವರ್ಣಿಸಿದ್ದರು. ಟಾರ್ ಖುದ್ರಿ ಎಂಬುದು ಅದರ ಶಾಸ್ತ್ರೀಯ ಹೆಸರು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಮರಿಕೇಂದ್ರ ಈ ಜಾತಿಯನ್ನು ಕೃತಕವಾಗಿ ತತ್ತಿಯಿಡಿಸಿ ಬೆಳೆಸುವುದರಲ್ಲಿ ಯಶಸ್ವಿಯಾದ ಮೇಲೆ, ಕ್ಷೀಣಿಸುತ್ತಿದ್ದ ಬಿಳಿಮೀನಿನ ಸಂತತಿಯನ್ನು ಉದ್ಧರಿಸಬೇಕೆಂಬ ಸದುದ್ದೇಶದಿಂದಲೇ ಅಲ್ಲಿನ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಬಿಟ್ಟವರಲ್ಲಿ ಹೊಳೆಯ ಮೇಲಿನ ಪ್ರೀತಿಗೆ ಕೊರತೆಯಿರಲಿಲ್ಲ. ಬಿಳಿಮೀನೆಲ್ಲ ಒಂದೇ ಎಂದು ಭಾವಿಸಿದುದೇ ಅವರ ಪ್ರಮಾದ. ಯಾವ ಹೊಳೆಯಲ್ಲಿ ಯಾವ ಪ್ರಭೇದವಿದೆಯೆಂಬ ವಿವೇಚನೆ ಇಲ್ಲದೆ ಮಾಡಿದ ಉಪಕಾರ ಹೇಗೆ ಅಪಕಾರವಾಗಿ ಪರಿಣಮಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಗೂನುಬೆನ್ನಿನ ಮೀನಿನ ಅವನತಿಗೆ ಇದೊಂದೇ ಕಾರಣವೆಂದು ಹೇಳುವುದು ತರವಲ್ಲ. ಅಣೆಕಟ್ಟುಗಳು, ಮರಳಿನ ಲೂಟಿ, ಬೇಸಗೆಯಲ್ಲಿ ಬತ್ತುವ ಹರಿವು, ಸಿಡಿಮದ್ದು ಇವೆಲ್ಲಕ್ಕೂ ಪಾಲುಂಟು. ಮುಂಗಾರಿನ ಹೊಸನೀರು ಬಂದಾಗ ಮೇಲ್ಮೊಗವಾಗಿ ಹತ್ತಿ, ಗರಸುಕಲ್ಲಿನ ತಳದಲ್ಲಿ ತತ್ತಿಯಿಡುವ ಮೀನಿಗೆ 1931ರ ಹೊತ್ತಿಗೆ ಮುಗಿದ ಕನ್ನಂಬಾಡಿ ಕಟ್ಟೆಯೂ ಅನಂತರ ಕಬಿನಿಗೆ ಬೀಚನಹಳ್ಳಿಯಲ್ಲಿ ಎದ್ದ ಕಟ್ಟೆಯೂ ದಾಟಲಾಗದ ಗೋಡೆಗಳಾದವು. ವ್ಯಾನ್ ಇಂಗೆನ್ನರು ಮೀನು ಹಿಡಿದಾಗ ಕಬಿನಿಗೆ ಇನ್ನೂ ಆ ಕಟ್ಟೆ ಇರಲಿಲ್ಲ.

ಇಷ್ಟಾದರೂ ಆ ಮೀನಿಗೆ ಶಾಸ್ತ್ರೀಯವಾದ ಹೆಸರು ನಿಶ್ಚಯವಾಗಿರಲಿಲ್ಲ. ಹೆಸರಿಲ್ಲದುದನ್ನು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸುವುದಕ್ಕೂ ಆಗುತ್ತಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಎಳೆಯ ಮೀನುಗಳಿಂದ 2007ರಲ್ಲಿ ಟಾರ್ ರೆಮಾದೇವಿ ಎಂದು, ಪ್ರಾಣಿಸರ್ವೇಕ್ಷಣ ಸಂಸ್ಥೆಯ ವಿದುಷಿಯೊಬ್ಬರ ಹೆಸರಿನಲ್ಲಿ, ವರ್ಣಿತವಾಗಿದ್ದ ಪ್ರಭೇದವೊಂದಿತ್ತು. ಪಾಂಬಾರಿನ ನೀರು ಅಮರಾವತಿಯ ಮೂಲಕ ಕಾವೇರಿಗೇ ಸೇರುತ್ತದೆ. ಬಂಡೀಪುರ, ಮುದುಮಲೆಗಳ ನಡುವೆ ಹರಿಯುವ ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಗೂನುಬೆನ್ನಿನ ಮೀನುಗಳನ್ನು ಅಭ್ಯಸಿಸಿದ ವಿಜ್ಞಾನಿಗಳು ಈ ಎರಡೂ ಒಂದೇ ಎಂದು 2018ರಲ್ಲಿ ಸಾಬೀತುಪಡಿಸಿದರು. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಪ್ರಭೇದಗಳ ವರ್ಗಕ್ಕೆ ಸೇರಿತು. ಗಾಳ ಹಾಕಿದವರ ದಿನಚರಿಗಳು ಇಲ್ಲದೆ ಇದ್ದಿದ್ದರೆ ಈ ಶೋಧಕ್ಕೆ ಯಾರಿಗೂ ಪ್ರೇರಣೆಯೇ ಹುಟ್ಟುತ್ತಿರಲಿಲ್ಲ.

ಸ್ಥಳೀಯ ಮೀನು ಎಂಬ ಮಾತಿಗೆ ಸ್ಪರ್ಧೆಯ ನಿಯಮಾವಳಿಯಲ್ಲಿ ಎಷ್ಟು ನಿಷ್ಕೃಷ್ಟವಾದ ಅರ್ಥ ಬೇಕೆಂಬುದು ಇದರಿಂದ ವೇದ್ಯವಾಗುತ್ತದೆ. ದೇಶದ ಗಡಿಯಿಂದ ಅದನ್ನು ನಿರ್ಣಯಿಸಲಾಗದು. ಹೊಳೆಯ ಗಡಿಯಿಂದ ನಿರ್ಣಯಿಸಬೇಕು. ನಮ್ಮ ಮಾರುಕಟ್ಟೆಯಲ್ಲಿ ದಿನವೂ ಕಾಣುವ ಕಟ್ಲಾ, ರೋಹು ಭಾರತದವೇ ಆದರೂ ಗಂಗಾಪ್ರಾಂತದವು. ಕೆರೆಗಳಿಗೂ ಜಲಾಶಯಗಳಿಗೂ ತಂದು ಬಿಟ್ಟವು. ಜಿಲೇಬಿಯೆಂದು ಕರೆಯುವ ಆಫ್ರಿಕಮೂಲದ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂದು ಈಗ ಕೆರೆಕುಂಟೆಗಳನ್ನೆಲ್ಲ ವ್ಯಾಪಿಸಿದೆ. ಸಾಕುವುದನ್ನು ಸರ್ಕಾರ ನಿಷೇಧಿಸಿದರೂ ಹೊಳೆಗಿಳಿದ ಆಫ್ರಿಕದ ಕ್ಯಾಟ್‌ಫಿಶ್ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಕಾವೇರಿಗೆ ಸ್ವಂತವಾದವು ಬೇರೆ: ಗೂನುಬೆನ್ನಿನ ಬಿಳಿಮೀನು, ಕರ್ನಾಟಿಕ್ ಕಾರ್ಪ್ ಎಂದು ಪುಸ್ತಕಗಳಲ್ಲಿ ಹೆಸರಾದ ದಪ್ಪ ಹುರುಪೆಯ ಗೆಂಡೆ, ಈ ನದಿಗೇ ಸೀಮಿತವಾದ ಲೇಬಿಯೊ ಕಾಂಟಿಯಸ್, ಇವುಗಳೊಡನೆ ವಿಸ್ತಾರವಾದ ಸೀಮೆಯಲ್ಲಿ ಹರಡಿದ್ದರೂ ಇಲ್ಲಿಯವೇ ಆದ ಬಾಳೆಮೀನು, ಕುಚ್ಚುಮೀನು, ಹಾವುಮೀನು. ಕನ್ನಂಬಾಡಿಯ ನೀರಿನ ಮಟ್ಟ 124.80 ಅಡಿಗೆ ಎಷ್ಟು ಕಡಮೆಯೆಂಬುದನ್ನು ದಿನದಿನವೂ ಪತ್ರಿಕೆಯಲ್ಲಿ ಓದಿ ಬಾಯಿಪಾಠವಾಗಿಸಿಕೊಂಡ ನಾವು, ಆ ನೀರಿನೊಳಗೆ ಬಾಳುವ ಈ ಜೀವಿಗಳಲ್ಲಿ ಎರಡನ್ನಾದರೂ ಕಂಡರೆ ಗುರುತಿಸಲಾರೆವೆಂಬುದು ವಿಷಾದದ ಸಂಗತಿ.

ಕಾನೂನಿನ ಮಾತೂ ಇಲ್ಲಿ ಬರುತ್ತದೆ. ಗಾಲಿಬೋರೆ, ಭೀಮೇಶ್ವರಿಗಳಿರುವ ಪ್ರದೇಶ 1987ರಲ್ಲಿ ಕಾವೇರಿ ವನ್ಯಜೀವಿಧಾಮವಾಯಿತು. ರಕ್ಷಿತಾರಣ್ಯದಲ್ಲಿ ವನ್ಯಜೀವಿಯನ್ನು ಹಿಡಿಯುವುದೂ 1972ರ ಅಧಿನಿಯಮದ ಪ್ರಕಾರ ಬೇಟೆಯೇ ಎಂಬ ವ್ಯಾಖ್ಯಾನ ಬಲಗೊಂಡು, ಬಿಡುವುದಕ್ಕಾಗಿಯೇ ಹಿಡಿಯುವ ಗಾಳವೂ ಅಲ್ಲಿ ನಿಂತಿತು. ಈ ನಿಲುವಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ವಿನೋದಕ್ಕಾಗಿ ಮೂಕಪ್ರಾಣಿಯ ಬಾಯಿಗೆ ಕೊಕ್ಕೆ ಸಿಕ್ಕಿಸುವುದು ಸರಿಯೇ ಎಂದು ಕೇಳುವವರ ಅಂತಃಕರಣ ಗೌರವಕ್ಕೆ ಅರ್ಹವಾದುದು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂದು ಭಾವಿಸಿ ಅಕ್ಕಿ ಪುರಿಗಳನ್ನು ಎಸೆದು ಸಲಹುವ ನಮ್ಮ ಜನರ ಪರಂಪರೆಯೇ ಅವರ ಬೆನ್ನಿಗಿದೆ. ಆದರೆ ದೇವಾಲಯದ ಮಡುವಿಗಿರುವ ಕಾವಲು ಇಡೀ ಹೊಳೆಗಿಲ್ಲ. ಶಿಶಿಲದಂಥ ಪವಿತ್ರಸ್ಥಳದಲ್ಲಿಯೇ 1996ರಲ್ಲಿ ದುಷ್ಟರು ವಿಷ ಹಾಕಿ ಮೀನುಗಳನ್ನು ಕೊಂದುದನ್ನು ಊರವರು ಮರೆತಿಲ್ಲ. ಗಾಳ ನಿಂತಾಗ ಹೊಳೆಯ ದಂಡೆಯಲ್ಲಿ ರಾತ್ರಿಹಗಲು ಇರುತ್ತಿದ್ದ ಕಣ್ಣುಗಳೂ ಹೊರಟುಹೋದವು, ದಿನಚರಿಯೂ ನಿಂತಿತು. ಮೀನಿಗಾಗುವ ಕ್ಷಣಿಕವಾದ ನೋವನ್ನೂ ಅದರ ಕುಲಕ್ಕಾಗುವ ಉಪಕಾರವನ್ನೂ ತೂಗಿನೋಡಿದಾಗ, ಅಭಯಾರಣ್ಯದ ಹೊರಗೆ, ಕಟ್ಟಳೆಗಳಿಗೆ ಒಳಪಟ್ಟು ನಡೆಯುವ ಗಾಳವನ್ನು ಸಮರ್ಥಿಸುವ ಪಕ್ಷಕ್ಕೇ ನನ್ನ ಮನಸ್ಸು ವಾಲುತ್ತದೆ.

ಮೈಸೂರಿನ ಸುತ್ತಮುತ್ತ ಇಂಥ ಸ್ಪರ್ಧೆಗೆ ತಕ್ಕ ಸ್ಥಳಗಳನ್ನು ಆರಿಸುವಾಗ ಬಹಳ ಎಚ್ಚರ ಬೇಕು. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನಲ್ಲಿ ಗಾಳ ಸಲ್ಲದು. ಅಲ್ಲಿಂದ ಕೆಳಕ್ಕೂ ಮೇಲಕ್ಕೂ ಹೊಳೆಯಲ್ಲಿ ಮೊಸಳೆಗಳು ಓಡಾಡುವುದರಿಂದ, ನೀರಿಗೆ ಗೇಣುದ್ದ ಮೇಲೆ ಕುಳಿತು ಸಾಗುವ ಕಯಾಕಿನವನಿಗೆ ಅಪಾಯವೂ ಉಂಟು. ದಸರೆಯ ದಿನಗಳಲ್ಲಿ ಜಲಸಾಹಸಕ್ರೀಡೆಗಳು ನಡೆಯುವ ವರುಣಾ ಕೆರೆಯಂಥ ನಿಂತ ನೀರು ಕಲಿಯುವವರಿಗೆ ಒಳ್ಳೆಯದು. ಅಲ್ಲಿ ಸ್ಪರ್ಧೆ ನಡೆದರೆ ಗಾಳಕ್ಕೆ ಜಿಲೇಬಿಯಂಥವು ಬಂದೇ ಬರುತ್ತವೆ. ಅವನ್ನು ಅಂಕಕ್ಕೆ ಸೇರಿಸದೆ, ಮರಳಿ ನೀರಿಗೂ ಬಿಡದೆ, ಪ್ರತ್ಯೇಕವಾಗಿ ಎಣಿಸಿಡುವುದು ಯೋಗ್ಯವಾದೀತು. ಮುಂಗಾರು ಆರಂಭವಾದಂದಿನಿಂದ ಹೊಳೆ ತಿಳಿಯಾಗುವವರೆಗೆ, ಮೀನುಗಳು ತತ್ತಿಯಿಡುವ ತಿಂಗಳುಗಳಲ್ಲಿ, ಯಾವ ಕಾರಣಕ್ಕೂ ಗಾಳ ಕೂಡದು. ನೀರು ಕಾದು ಅದರೊಳಗಿನ ಆಮ್ಲಜನಕ ಇಳಿಯುವ ಕಡುಬೇಸಗೆಯ ಮಧ್ಯಾಹ್ನಗಳೂ ತ್ಯಾಜ್ಯ, ಏಕೆಂದರೆ ಆಗ ದಣಿದ ಮೀನು ಬಿಟ್ಟ ಮೇಲೂ ಚೇತರಿಸಿಕೊಳ್ಳಲಾರದು. ಸ್ಪರ್ಧಿಗಳ ಜೊತೆಯಲ್ಲಿ ಹರಿಗೋಲಿನವರಿಗೂ ಸ್ಥಾನವಿರಬೇಕು. ಅವರು ಬರಿಯ ಸಹಾಯಕರಾಗಿ ನಿಲ್ಲದೆ ಮೀನಿನ ಜಾತಿಯನ್ನು ನಿರ್ಣಯಿಸುವ ಪಂಚರಲ್ಲಿ ಒಬ್ಬರಾಗಿ ಕುಳಿತುಕೊಳ್ಳಬೇಕು.

ಪ್ರತಿ ಸ್ಪರ್ಧಿಯ ಕೈಗೆ ಕೊಡುವ ಪತ್ರದಲ್ಲಿ ಏನೇನಿರಬೇಕೆಂಬುದು ಬಹುಮಾನದ ಮೊತ್ತಕ್ಕಿಂತ ಮುಖ್ಯವಾದ ವಿಷಯ. ದಿನ, ಗಂಟೆ, ಸ್ಥಳ, ನೀರಿನ ಬಣ್ಣ ಮತ್ತು ಹರಿವು, ಮೀನಿನ ಉದ್ದ, ರೆಕ್ಕೆಗಳ ಬಣ್ಣ ಕಾಣುವಂತೆ ಎಡಮಗ್ಗುಲಿನ ಚಿತ್ರ, ಬೆನ್ನಿನ ಆಕಾರ ತಿಳಿಯುವಂತೆ ಇನ್ನೊಂದು. ಇಷ್ಟಿದ್ದರೆ ನೀಲಿರೆಕ್ಕೆಯದನ್ನೂ ಗೂನುಬೆನ್ನಿನದನ್ನೂ ಇನ್ನು ಮುಂದೆ ಒಂದೇ ಎಂದು ಎಣಿಸುವ ಪ್ರಮಾದಕ್ಕೆ ಆಸ್ಪದವಿರದು. ಇದರ ಜೊತೆಗೆ, ಏನೂ ಸಿಗದೆ ಕಳೆದ ಹೊತ್ತನ್ನೂ ಸ್ಪರ್ಧಿ ಸಂಕೋಚವಿಲ್ಲದೆ ಬರೆಯಬೇಕು. ಗಾಲಿಬೋರೆಯ 6,161 ಮೀನುಗಳಿಗೆ ಅರ್ಥ ಬಂದುದು ಅವುಗಳ ಹಿಂದೆ 23,620 ಗಂಟೆಗಳ ಲೆಕ್ಕವೂ ಇದ್ದುದರಿಂದ. ಹತ್ತು ಗಂಟೆಗೆ ಹತ್ತು ಮೀನು ಸಿಗುವ ಹೊಳೆಗೂ ನೂರು ಗಂಟೆಗೆ ಹತ್ತು ಮೀನು ಸಿಗುವ ಹೊಳೆಗೂ ಇರುವ ಅಂತರ ಸಿಕ್ಕ ಮೀನುಗಳ ಪಟ್ಟಿಯೊಂದರಿಂದಲೇ ತಿಳಿಯದು. ಬಹುಮಾನ ಹಂಚಿದ ಮರುದಿನ ಈ ಪತ್ರಗಳು ಯಾರ ಮನೆಯ ಅಟ್ಟಕ್ಕೂ ಹೋಗದೆ ಮೀನುಗಾರಿಕೆ ಇಲಾಖೆಗೂ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೂ ಒಂದೊಂದು ಪ್ರತಿಯಾಗಿ ಸಲ್ಲಬೇಕು. ಮರುವರ್ಷದ ಸ್ಪರ್ಧೆಗೆ ಅಪ್ಪಣೆ ಕೊಡುವ ಮೊದಲು ಇಲಾಖೆ ಹಿಂದಿನ ವರ್ಷದ ಪತ್ರಗಳನ್ನು ತರಿಸಿ ನೋಡುವ ಪದ್ಧತಿಯನ್ನು ಮೊದಲ ವರ್ಷದಿಂದಲೇ ಇಟ್ಟುಕೊಳ್ಳುವುದು ಒಳ್ಳೆಯದು.